ಪದಚರ್ಚೆ: ಪ್ರೈಮರ್‌ಗೆ ‘ಅಸ್ತರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬೆರಳುದ್ದದ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ಪ್ಲಾಸ್ಟಿಕ್‌ನಂಥ ವಸ್ತು) ಗೊಂಬೆಗಳಿಗೆ ಬಣ್ಣ ಹಚ್ಚುವ ಬಗ್ಗೆ ಕೊಪ್ಪಳದ ಹುಡುಗರಿಗಾಗಿ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬಣ್ಣಕ್ಕೂ ಮೊದಲು ಹಚ್ಚುವ ಪದರ, ಅಂದರೆ ‘ಪ್ರೈಮರ್’, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿ ಬರವಣಿಗೆ ನಿಂತಿದೆ. ಹಾಗೇ ಬರೆದರಾಯ್ತಲ್ಲ ಅಂತೀರೇನೋ. ಆದರೆ ‘ಪ್ರೈಮರ್ ಹೊಡಿ’ ಅಂದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು ಗೋಡೆ. ಗೋಡೆ ಅಂದ ಕೂಡಲೇ ಪುಟ್ಟಿ, ದಪ್ಪಗೆ ಮೆತ್ತುವುದು.

ಇದು ಸುಮ್ನೆ ಮಾತಿನ ಗೊಂದಲವಲ್ಲ. ಒಬ್ಬ ಹುಡುಗ ಹನುಮಂತನ ಗೊಂಬೆಗೆ ಮೇಲಿಂದ ಮೇಲೆ ದಪ್ಪಗೆ ಬಳಿದುಕೊಂಡು ಬಂದಿದ್ದ. ಕೊರಳ ಸರದ ಮಣಿಗಳೆಲ್ಲ ಒಂದಕ್ಕೊಂದು ಕೂಡಿಬಿಟ್ಟಿದ್ದವು. ಬೆರಳ ಸಂದು ಮುಚ್ಚಿತ್ತು. ಕೇಳಿದರೆ, ‘ತಗ್ಗು ತುಂಬಬೇಕಲ್ರಿ ಸರ್’ ಅಂದ. ತಗ್ಗು ತುಂಬುವುದು ಪುಟ್ಟಿಯ ಕೆಲಸ. ಪ್ರೈಮರ್ ಕೆಲಸವೇ ಬೇರೆ. ರೆಸಿನ್ ಮೈ ನುಣುಪು. ನೀರಲ್ಲಿ ಕಲಸಿದ ಅಕ್ರಿಲಿಕ್ ಬಣ್ಣ ಅದರ ಮೇಲೆ ಹನಿಹನಿಯಾಗಿ ಸರಿದು ನಿಲ್ಲುತ್ತದೆ. ಒಣಗಿದ ಮೇಲೂ ಉಗುರು ತಾಗಿದರೆ ಏಳುತ್ತದೆ. ಪ್ರೈಮರ್ ಕೆಳಗೆ ರೆಸಿನ್ನನ್ನು ಕಚ್ಚಿಕೊಂಡು, ಮೇಲಿನ ಬಣ್ಣಕ್ಕೆ ಹಿಡಿದುಕೊಳ್ಳಲು ತುಸು ತರಿ ಕೊಡುತ್ತದೆ. ಅಷ್ಟಕ್ಕೆ ತೆಳ್ಳಗಿನ ಪದರ ಸಾಕು.

‘ಪೂರ್ವಲೇಪನ’ ಅಂದರೆ ಓದಿದವರು ಮುಲಾಮು ಅಂದುಕೊಳ್ಳದಿದ್ದರೆ ಪುಣ್ಯ. ‘ತಳಬಣ್ಣ’ ಚೆನ್ನಾಗಿದೆ, ಆದರೆ ಅದು ಪ್ರೈಮರ್ ಆದ ಮೇಲೆ ಹಚ್ಚುವ ಬೇಸ್ ಕೋಟ್‌ಗೆ ಬೇಕು. ಉಳಿದದ್ದು ದರ್ಜಿಗಳ ‘ಅಸ್ತರ’. ಕೋಟಿಗೆ, ಕುಬಸಕ್ಕೆ ಒಳಗಿಂದ ಕೊಡುವ ಬಟ್ಟೆ. ಫಾರ್ಸಿ ಮೂಲದ ಪದ. ಹಿಂದಿ, ಮರಾಠಿಯಲ್ಲಿ ಬಣ್ಣದ ಕೆಳಗಿನ ಪದರಕ್ಕೂ ಇದೇ ಹೆಸರು. ನನ್ನ ಒಲವು ಇದರ ಕಡೆಗೇ. ‘ಅಸ್ತರ ಕೊಡು’ ಅಂದರೆ ತೆಳ್ಳಗಿರಬೇಕು ಅನ್ನುವುದು ಹೇಳದೆಯೇ ಬರುತ್ತದೆ. ಗೆಳೆಯರೊಬ್ಬರ ತಕರಾರು: ಅಸ್ತರ ಒಳಗಿರುತ್ತದೆ, ನೀವು ಗೊಂಬೆಗೆ ಹೊರಗೆ ಹಚ್ಚುತ್ತೀರಿ. ಬಣ್ಣದ ಕಡೆಯಿಂದ ನೋಡಿದರೆ ಅದು ಒಳಗೇ ಅಲ್ವಾ?

ಕೈಪಿಡಿಯ ವಾಕ್ಯಗಳಲ್ಲಿ ಪದ ಹೇಗೆ ಕೂರುತ್ತದೆ, ನೋಡಿ:

‘ಗೊಂಬೆಯನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಅಚ್ಚಿನ ಜಿಡ್ಡು ಉಳಿದಿದ್ದರೆ ಅಸ್ತರ ಹಿಡಿಯುವುದಿಲ್ಲ. ಅಚ್ಚಿನ ಗೆರೆಗಳನ್ನು ಉಪ್ಪು ಕಾಗದ ಒದ್ದೆ ಮಾಡಿಕೊಂಡು ತಿಕ್ಕಿ. ರೆಸಿನ್ ಧೂಳು ಮೂಗಿಗೆ ಹೋಗಬಾರದು. ಸ್ಪ್ರೇ ಡಬ್ಬಿಯನ್ನು ಗೇಣಿಗಿಂತ ತುಸು ಜಾಸ್ತಿ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಅಸ್ತರ ಕೊಡಿ. ಬೇಸಿಗೆಯಲ್ಲಿ ಈ ಕೆಲಸ ಬೆಳಗ್ಗೆಯೇ ಮುಗಿಯಲಿ. ಮಟಮಟ ಮಧ್ಯಾಹ್ನ ಹನಿಗಳು ಗಾಳಿಯಲ್ಲೇ ಒಣಗಿ, ಗೊಂಬೆಯ ಮೇಲೆ ರವೆ ಉದುರಿಸಿದಂತೆ ಕೂರುತ್ತವೆ.’

ನನಗಂತೂ ಓದಲು ಎಡವುವುದಿಲ್ಲ.

ಇನ್ನು ಮರದ ಗೊಂಬೆಗಳಿಗೆ ಹೆಸರಾದ ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳ. ಗೊಂಬೆಯ ಮಾತು ಬಂದಾಗ ಕೊಪ್ಪಳದವನಾಗಿ ಅದನ್ನು ಬಿಟ್ಟು ಮುಂದೆ ಹೋಗಲಾಗದು. ಅಲ್ಲಿನ ಚಿತ್ರಗಾರರು ಹಗುರ ಮರದ ಭಾಗಗಳನ್ನು ಕಿಟ್ಟದಿಂದ ಕೂಡಿಸುತ್ತಾರೆ. ಗೋಣಿ ಚಿಂದಿ, ಮರದ ಪುಡಿ, ಹುಣಸೆ ಬೀಜದ ಅಂಟು ಸೇರಿದ್ದು ಕಿಟ್ಟ. ಆಮೇಲೆ ಮೈಗೆಲ್ಲ ಅದೇ ಅಂಟು ಸವರಿ ಹತ್ತಿ ಬಟ್ಟೆಯ ಚೂರು ಅಂಟಿಸುತ್ತಾರೆ. ಅದರ ಮೇಲೆ ಕಲ್ಲುಪುಡಿಯ ಲೇಪ, ಅದರ ಮೇಲೆ ಬಣ್ಣ. ಪ್ರೈಮರ್ ಕೆಲಸ ಮಾಡುವುದು ಆ ಕಲ್ಲುಪುಡಿಯೇ. ಕೆಲವರು ಪ್ರೈಮರ್‌ಗೆ ‘ಕಿಟ್ಟ’ ಅನ್ನುವ ಪದವನ್ನೇ ಬಳಸಿ ಅಂದರು. ನನಗೆ ಒಪ್ಪಿಗೆಯಿಲ್ಲ. ಕಿಟ್ಟ ಪುಟ್ಟಿಯ ಜಾತಿಯದು, ಹುಡುಗರು ಮತ್ತೆ ಮಣಿಗಳ ಮೇಲೆ ಮೆತ್ತುತ್ತಾರೆ. ಮೇಲಾಗಿ ಕಬ್ಬಿಣದ ಕಿಟ್ಟವೂ ಇದೆ.

ಕಿನ್ನಾಳದ ಒಡನಾಟ ಇರುವವರು ಆ ಕಲ್ಲುಪುಡಿಯ ಪದರಕ್ಕೆ ಕೆಲಸದ ಜಾಗದಲ್ಲಿ ಏನನ್ನುತ್ತಾರೆಂದು ತಿಳಿಸಿ. ಅದು ಸಿಕ್ಕರೆ ಅಸ್ತರವನ್ನು ದರ್ಜಿಗಳಿಗೇ ಬಿಟ್ಟುಕೊಡುತ್ತೇನೆ. ಹಾಗೆಯೇ, ರಾಯಚೂರು, ಬಳ್ಳಾರಿ ಕಡೆ ಪೇಂಟರ್‌ಗಳ ಬಾಯಲ್ಲಿ ‘ಅಸ್ತರ’ ಕೇಳಿದವರಿದ್ದರೆ ಯಾವ ಕ್ರಿಯಾಪದದ ಜೊತೆ ಕೇಳಿದಿರಿ ಅನ್ನುವುದೂ ಬೇಕು: ಕೊಡುವುದೋ, ಹೊಡೆಯುವುದೋ, ಹಾಕುವುದೋ?