ಡ್ರ್ಯಾಗನ್ ಟ್ಯಾಟೂ: ನೂರು ಪುಟಕ್ಕೇ ನಿಂತಿದ್ದೇನೆ, ಮುಂದುವರಿಸಲಾ?

ಕೇಳಿದ್ದು: ಸ್ವೀಡನ್ನಿನ ಸ್ಟೀಗ್ ಲಾರ್ಸನ್ ಅವರ ‘ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ’ ಕಾದಂಬರಿ ಹಿಡಿದಿದ್ದೇನೆ. ಒಂದೇ ಉಸಿರಿಗೆ ಓದಿ ಮುಗಿಸುತ್ತೀಯ ಅಂದಿದ್ದರು. ನೂರು ಪುಟ ಆಯ್ತು, ಬರೀ ಕಂಪನಿ ವ್ಯವಹಾರ, ನೆಂಟರ ಹೆಸರು. ಓದಿದವರು ಹೇಳಿ, ಮುಂದುವರಿಸಲಾ, ಬಿಡಲಾ?

ಮೊದಲ ಉತ್ತರ: ಬಿಡಬೇಡಿ. ನಾನೂ ಅಲ್ಲೇ ನಿಂತಿದ್ದೆ, ಅದೂ ಎರಡು ಸಲ. ಶುರುವಿನಲ್ಲಿ ನಿಧಾನ ಅನ್ನುವುದು ನಿಜ. ಒಬ್ಬ ದೊಡ್ಡ ಉದ್ಯಮಿಯ ಬಗ್ಗೆ ಬರೆದು ಮಾನನಷ್ಟ ಮೊಕದ್ದಮೆ ಸೋತ ಪತ್ರಕರ್ತ ಬ್ಲೂಮ್‌ಕ್ವಿಸ್ಟ್‌ನ ಗೋಳು ಅದು. ಲಾರ್ಸನ್ ಕೂಡ ಪತ್ರಕರ್ತರೇ ಆಗಿದ್ದವರು, ಲೆಕ್ಕಪತ್ರ ಎಲ್ಲಾ ಬಿಡಿಸಿ ಬಿಡಿಸಿ ಹೇಳುತ್ತಾರೆ. ಆ ಪುಟಗಳನ್ನು ಬೇಗ ಬೇಗ ಓದಿ.

ಹೆಸರುಗಳಿಗೆ ಒಂದು ಉಪಾಯ ಇದೆ. ಬ್ಲೂಮ್‌ಕ್ವಿಸ್ಟ್‌ನನ್ನು ಹಳೇ ಪ್ರಕರಣ ಒಂದರ ಪತ್ತೆಗೆ ಕರೆಸುವ ವ್ಯಾಂಗರ್ ಮನೆತನದ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ನಮ್ಮ ನೆಂಟಸ್ತಿಕೆಯ ಪದಗಳನ್ನೇ ಹಾಕಿದೆ. 1966ರಲ್ಲಿ ಕಾಣೆಯಾದ 16 ವರ್ಷದ ಹ್ಯಾರಿಯೆಟ್, ಅವನನ್ನು ಕರೆಸಿದ ಮುದುಕ ಹೆನ್ರಿಕ್‌ಗೆ ಅಣ್ಣನ ಮೊಮ್ಮಗಳು. ಹೀಗೆ ಬರೆದ ಮೇಲೆ ಯಾರು ಯಾರ ಮೇಲೆ ಹಲ್ಲು ಮಸೆಯುತ್ತಿದ್ದಾರೆ ಅಂತ ಗೊತ್ತಾಗುತ್ತಾ ಹೋಯಿತು.

ನನ್ನನ್ನು ಹಿಡಿದು ಕೂರಿಸಿದ್ದು ಫೋಟೊಗಳ ಭಾಗ. ಹುಡುಗಿ ಕಾಣೆಯಾದ ದಿನ ಆ ಮನೆತನ ಇರುವ ದ್ವೀಪದ ಸೇತುವೆ ಮೇಲೆ ಟ್ಯಾಂಕರ್ ಅಪಘಾತವಾಗಿ ದಾರಿ ಮುಚ್ಚಿರುತ್ತದೆ. ಅದೇ ದಿನ ಹತ್ತಿರದ ಪಟ್ಟಣದಲ್ಲಿ ಮಕ್ಕಳ ದಿನದ ಮೆರವಣಿಗೆ. ಅವತ್ತಿನ ಹಳೇ ಫೋಟೊಗಳನ್ನು ಬ್ಲೂಮ್‌ಕ್ವಿಸ್ಟ್ ಒಂದರ ಹಿಂದೆ ಒಂದು ನೋಡುತ್ತಾನೆ. ಜನರೆಲ್ಲ ಮೆರವಣಿಗೆ ನೋಡುತ್ತಿದ್ದಾರೆ. ಹ್ಯಾರಿಯೆಟ್ ಮಾತ್ರ ರಸ್ತೆಯ ಆಚೆ ಬದಿ ಯಾರನ್ನೋ ಕಂಡಿದ್ದಾಳೆ, ಮುಖ ಬಿಗಿದಿದೆ. ಅವಳ ಹಿಂದೆ ಒಬ್ಬ ಹೆಂಗಸು ಕ್ಯಾಮೆರಾ ಎತ್ತಿ ಹಿಡಿದಿದ್ದಾಳೆ. ಹಾಗಾದರೆ ಹ್ಯಾರಿಯೆಟ್ ಕಂಡಿದ್ದು ಆ ಹೆಂಗಸಿನ ಫೋಟೊದಲ್ಲಿ ಇರಬೇಕು, ಅಲ್ವಾ? ಅಷ್ಟು ವರ್ಷದ ಮೇಲೆ, ಹೆಸರೂ ಗೊತ್ತಿಲ್ಲದ ಆ ಹೆಂಗಸನ್ನು ಹುಡುಕಿಕೊಂಡು ಅವನು ಹೊರಡುತ್ತಾನೆ. ಅವತ್ತು ರಾತ್ರಿ ಎರಡಾದರೂ ನಾನು ದೀಪ ಆರಿಸಲಿಲ್ಲ. ಮುಂದಿನದು ಹೇಳಲ್ಲ.

ಎರಡನೇ ಉತ್ತರ: ಓದಿ, ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಸ್ವೀಡಿಷ್‌ನಲ್ಲಿ ಈ ಕಾದಂಬರಿಯ ಹೆಸರಿನ ಅರ್ಥ ‘ಹೆಂಗಸರನ್ನು ದ್ವೇಷಿಸುವ ಗಂಡಸರು’. ಪುಸ್ತಕ ಇರುವುದೇ ಅದರ ಬಗ್ಗೆ. ಇಂಗ್ಲಿಷ್ ಹೆಸರಿನಲ್ಲಿ ಅದರ ಸುಳಿವೇ ಸಿಗಲ್ಲ. ಕಥೆಯ ನಾಯಕಿ, ಹ್ಯಾಕರ್ ಲಿಸ್ಬೆತ್ ಸಲಾಂಡರ್‌ಗೆ ಪಾಲಕನಾಗಿ ನೇಮಕವಾದ ವಕೀಲ ಅವಳಿಗೆ ಮಾಡುವುದನ್ನು ಓದಿ ನನಗೆ ಕೈಕಾಲು ತಣ್ಣಗಾಯಿತು. ಒಂದು ವಾರ ಪುಸ್ತಕ ಮುಟ್ಟಲಿಲ್ಲ. ನನ್ನ ತಂಗಿ ಅಲ್ಲಿಗೇ ಬಿಟ್ಟಳು, ಅವಳನ್ನು ಓದು ಅಂತ ನಾನು ಒತ್ತಾಯ ಮಾಡಲಿಲ್ಲ. ನಾನು ಮತ್ತೆ ಹಿಡಿದದ್ದು ಲಿಸ್ಬೆತ್‌ಗೋಸ್ಕರ. ಅವಳು ಯಾರ ಕರುಣೆಗೂ ಕಾಯುವವಳಲ್ಲ. ಅವಳೂ ಬ್ಲೂಮ್‌ಕ್ವಿಸ್ಟೂ ಭೇಟಿಯಾಗುವುದು ತುಂಬಾ ತಡವಾಗಿ, ಅಲ್ಲಿತನಕ ತಾಳ್ಮೆ ಬೇಕು.

ಮೂರನೇ ಉತ್ತರ: ಹ್ಯಾರಿಯೆಟ್ ವಿಷಯ ಬಗೆಹರಿದ ಮೇಲೂ ಉದ್ಯಮಿಯ ಕಥೆ ಸುಮಾರು ಪುಟ ಓಡುತ್ತದೆ. ನನಗೆ ಅದು ಎಳೆದ ಹಾಗನ್ನಿಸಿತು. ಆದರೂ ಪೂರ್ತಿ ಓದಿದೆ, ಮುಂದಿನ ಭಾಗಗಳನ್ನೂ ಓದಿದೆ. ಲಾರ್ಸನ್ 2004ರಲ್ಲೇ ತೀರಿಕೊಂಡರು, ಪುಸ್ತಕ ಬಂದದ್ದು 2005ರಲ್ಲಿ. ಇಷ್ಟೊಂದು ಜನ ಓದಿದ್ದನ್ನು ಅವರು ನೋಡಲೇ ಇಲ್ಲ ಅನ್ನುವುದು ನನಗೆ ಈಗಲೂ ಸಂಕಟ. ಇನ್ನೊಂದು ಮಾತು: ಎರಡನೇ ಭಾಗ ಶುರು ಮಾಡುವ ಮೊದಲು ಮೂರನೆಯದನ್ನೂ ತಂದಿಟ್ಟುಕೊಳ್ಳಿ. ಎರಡನೆಯದು ನಡುದಾರಿಯಲ್ಲೇ ನಿಲ್ಲುತ್ತದೆ.