ಅಪ್‌ಡೇಟ್: ಎಡಿಎಚ್‌ಡಿ ತಪಾಸಣೆಗೆ ಕೊನೆಗೂ ಹೋಗಿಬಂದೆ

ಹದಿನಾರರ ವಯಸ್ಸಿನಲ್ಲಿ, ಗಮನ ನಿಲ್ಲದಿರುವ ಹಾಗೂ ಅತಿಯಾಗಿ ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿ ತಪಾಸಣೆಯ ವಿಷಯವನ್ನು ಮನೆಯಲ್ಲಿ ಹೇಗೆ ಪ್ರಸ್ತಾಪಿಸಲಿ ಎಂದು ಹಿಂದೆ ಕೇಳಿದ್ದೆ. ‘ಮೊಬೈಲ್ ಬಿಟ್ಟರ ಎಲ್ಲಾ ನೆಟ್ಟಗಾಗ್ತೈತಿ’ ಎಂದು ಅಪ್ಪ ಹೇಳಿದರೂ, ಅವ್ವ ನನ್ನನ್ನು ಬಾಗಲಕೋಟೆಯಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ದಳು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಇದು ಪತ್ತೆಯಾಗುವುದಿಲ್ಲವಾದ್ದರಿಂದ, ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ, ಮನೆ ಮತ್ತು ಶಾಲೆ ಎರಡೂ ಕಡೆ ಕಾಣುತ್ತವೆಯೇ, ಕನಿಷ್ಠ 6 ತಿಂಗಳಿಂದ ಮುಂದುವರಿದಿವೆಯೇ ಎಂದು ವೈದ್ಯರು ನಮ್ಮಿಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಿದರು. ಆಗ ಹೆಚ್ಚು ನೆರವಾದದ್ದು ಅವ್ವ ಟ್ರಂಕಿನಿಂದ ಹುಡುಕಿ ತೆಗೆದಿದ್ದ ನನ್ನ ಮೂರನೇ ಇಯತ್ತೆಯ ಪ್ರಗತಿಪತ್ರ. ‘ಜಾಣನಿದ್ದಾನೆ, ಆದರೆ ಕುಳಿತಲ್ಲಿ ಕೂಡುವುದಿಲ್ಲ’ ಎಂದು ಗುರುಗಳು ಅದರಲ್ಲಿ ಬರೆದಿದ್ದರು. ನಿದ್ದೆಗೇಡು, ಆತಂಕಗಳಿಂದಲೂ ಗಮನ ಚದುರಬಹುದಾದ್ದರಿಂದ ನಿರ್ಣಯ ಇನ್ನೂ ಆಗಿಲ್ಲ. ಶಿಕ್ಷಕರು ತುಂಬಿಕೊಡುವ ಪ್ರಶ್ನಾವಳಿಯೊಂದಿಗೆ ಮುಂದಿನ ತಿಂಗಳು ಮತ್ತೆ ಹೋಗಬೇಕಿದೆ. ಈ ಬಾರಿ ಅಪ್ಪನೂ ಬರುತ್ತಾನಂತೆ, ಬಸ್ಸಿನಲ್ಲಿ ಸೀಟು ಹಿಡಿಯುವ ನೆಪದಲ್ಲಿ.