ಮಗಳ ಹುಟ್ಟುಹಬ್ಬಕ್ಕೆ ಟೇಬಲ್ ಅಲಂಕಾರ: ಮನೆಯಲ್ಲೇ, ಕಡಿಮೆ ಖರ್ಚಲ್ಲಿ ಏನು ಮಾಡಬಹುದು?

ಪ್ರಶ್ನೆ:
ಮುಂದಿನ ಭಾನುವಾರ ಮಗಳಿಗೆ 5 ತುಂಬುತ್ತದೆ. 12 ಮಕ್ಕಳು ಬರುತ್ತಾರೆ. ಒಂದು ಉದ್ದನೆಯ ಟೇಬಲ್ ಇದೆ, ಅದನ್ನು ಸ್ವಲ್ಪ ಚಂದ ಕಾಣಿಸಬೇಕು. ಹೋದ ವರ್ಷ ರೆಡಿಮೇಡ್ ಸೆಟ್ ತಂದಿದ್ದೆ, ಮಕ್ಕಳು ಹತ್ತೇ ನಿಮಿಷದಲ್ಲಿ ಚಿಂದಿ ಮಾಡಿಟ್ಟರು. ಈ ಸಲ ಮನೆಯಲ್ಲಿ ಇರುವುದರಲ್ಲೇ ಮುಗಿಸೋಣ ಅಂತ. ಖಾಲಿ ಜಾಮ್ ಬಾಟಲಿ ಏಳೆಂಟು ಇವೆ, ಒಂದು ಕಟ್ಟು ಬಣ್ಣದ ಟಿಶ್ಯೂ ಪೇಪರ್, ಉಲ್ಲನ್ ದಾರ, ಕ್ರೇಯಾನ್ ಇದೆ. ನನ್ನ ಕೈಕೆಲಸ ಅಷ್ಟಕ್ಕಷ್ಟೇ, ಕತ್ತರಿ ಹಿಡಿದರೆ ನೇರ ಗೆರೆಯೂ ಬರುವುದಿಲ್ಲ. ರಾತ್ರಿ ಅವಳು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ಅಷ್ಟೇ.

ಉತ್ತರ 1:
ಐದು ವರ್ಷದ ಮಕ್ಕಳು ಅಲಂಕಾರ ನೋಡುತ್ತಾ ಕೂರುವುದಿಲ್ಲ, ಕೈ ಹಾಕುತ್ತಾರೆ. ಹಾಗಾಗಿ ಕೈ ಹಾಕುವುದಕ್ಕೇ ಏನಾದರೂ ಕೊಟ್ಟುಬಿಡಿ. ಟೇಬಲ್ ಪೂರ್ತಿ ಬಿಳಿ ಅಥವಾ ಕಂದು ಪೇಪರ್ ಹಾಸಿ, ಅಂಚನ್ನು ಕೆಳಕ್ಕೆ ಮಡಿಸಿ ಅಡಿಯಿಂದ ಟೇಪ್ ಹಾಕಿ (ಮೇಲೆ ಹಾಕಿದರೆ ಮೊದಲು ಅದನ್ನೇ ಕೀಳುತ್ತಾರೆ!). ಪ್ರತಿ ಮಗು ಕೂರುವ ಜಾಗದಲ್ಲಿ ಅದರ ಹೆಸರನ್ನು ದಪ್ಪ ಅಕ್ಷರದಲ್ಲಿ, ಒಳಗೆ ಖಾಲಿ ಬಿಟ್ಟು ಬರೆಯಿರಿ, ಬಣ್ಣ ಅವರೇ ತುಂಬಿಕೊಳ್ಳಲಿ. ಟೇಬಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ರಸ್ತೆ ಎಳೆದುಬಿಡಿ, ಮನೆ, ಮರ, ಬಸ್ಸು ಅವರು ಸೇರಿಸುತ್ತಾರೆ. ಗೆರೆ ಸೊಟ್ಟಗಿದ್ದರೆ ಇನ್ನೂ ಒಳ್ಳೆಯದು, ತಿರುವು ಅನ್ನಿ. ಕ್ರೇಯಾನ್ ನಿಮ್ಮ ಜಾಮ್ ಬಾಟಲಿಗಳಲ್ಲಿ ಇಡಿ. ಸ್ಕೆಚ್ ಪೆನ್ ಮಾತ್ರ ಬೇಡ, ಪೇಪರ್ ದಾಟಿ ಟೇಬಲ್‌ಗೆ ಇಳಿಯುತ್ತದೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ಬಾಗಿಲಲ್ಲಿ ನಿಂತು ನೋಡಿದಾಗ ಕಣ್ಣಿಗೆ ಹಬ್ಬ ಅನ್ನಿಸಬೇಕಲ್ವಾ, ಅದಕ್ಕೆ ಟಿಶ್ಯೂ ಹೂವು ಮಾಡಿ. 8 ಹಾಳೆಯನ್ನು ಒಂದರ ಮೇಲೊಂದು ಇಟ್ಟು, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ಒಟ್ಟಿಗೆ ಕತ್ತರಿಸಿ. ಸುಮಾರು 2 ಸೆಂಟಿಮೀಟರ್ ಅಗಲಕ್ಕೆ ಹಿಂದೆ ಮುಂದೆ ಮಡಿಸಿ, ಸೀರೆ ನೆರಿಗೆ ಹಿಡಿದ ಹಾಗೆ. ನಡುವೆ ದಾರ ಕಟ್ಟಿ, ಎರಡೂ ತುದಿಯನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ. ಈಗ ತಾಳ್ಮೆಯ ಕೆಲಸ: ಮೇಲಿನ ಹಾಳೆಯಿಂದ ಶುರುಮಾಡಿ ಒಂದೊಂದನ್ನೇ ನಡುವಿನ ಕಡೆಗೆ ಎತ್ತುತ್ತಾ ಬನ್ನಿ. ಬೆರಳನ್ನು ಹಾಳೆಯ ಬುಡಕ್ಕೆ, ಗಂಟಿನ ಹತ್ತಿರಕ್ಕೆ ಹಾಕಿ ಎತ್ತಬೇಕು, ತುದಿ ಹಿಡಿದು ಎಳೆದರೆ ಸರ್ರಂತ ಹರಿಯುತ್ತದೆ. ನನಗೆ ಮೊದಲ ಎರಡು ಹೂವು ಹಾಗೇ ಹೋದವು. ಕೈ ಕೂಡಿದ ಮೇಲೆ ಒಂದಕ್ಕೆ ಐದು ನಿಮಿಷವೂ ಬೇಡ. ಕತ್ತರಿಸಿದ್ದು ಸೊಟ್ಟಗಾದರೂ ಬಿಡಿಸಿದ ಮೇಲೆ ಗೊತ್ತೇ ಆಗುವುದಿಲ್ಲ.

ಬಾಟಲಿಯ ಬಾಯಿ ಮೇಲೆ ಹೂವನ್ನು ಹಾಗೇ ಕೂರಿಸಿ, ಕಡ್ಡಿ ಬೇಡ. ಒಳಗೆ ಅರ್ಧದಷ್ಟು ಮರಳೋ ಸಣ್ಣ ಕಲ್ಲೋ ತುಂಬಿದರೆ ಮೊಣಕೈ ತಗುಲಿದರೂ ಬೀಳುವುದಿಲ್ಲ. ಒಂದು ಸಲ ಮಗುವಿನ ಕುರ್ಚಿಯಲ್ಲಿ ನೀವೇ ಬಗ್ಗಿ ಕೂತು ನೋಡಿ, ಎದುರಿನವರ ಮುಖ ಕಾಣದಿದ್ದರೆ ಗಿಡ್ಡ ಬಾಟಲಿ ಹುಡುಕಿ.

ಉತ್ತರ 3:
ಹೂವಿನ ಹತ್ತಿರ ನೀರು ಬರದ ಹಾಗೆ ನೋಡಿಕೊಳ್ಳಿ. ನಾನು ಒಮ್ಮೆ ಕೆಂಪು ಕ್ರೇಪ್ ಪೇಪರ್ ಹಾಸಿದ್ದೆ, ಯಾರೋ ಲೋಟ ಉರುಳಿಸಿದರು, ಬಣ್ಣ ಬಿಟ್ಟುಕೊಂಡು ಎರಡು ಮಕ್ಕಳ ಬಿಳಿ ಫ್ರಾಕ್ ಗುಲಾಬಿ ಆಯಿತು. ಅವರ ಅಮ್ಮಂದಿರ ಮುಖ ಇನ್ನೂ ಮರೆತಿಲ್ಲ. ಅಗ್ಗದ ಟಿಶ್ಯೂ ಕೂಡ ಹಾಗೇ. ಒಂದು ಚೂರನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು, ಟೇಬಲ್ ಮೇಲೆ ಬಲೂನ್ ಕಟ್ಟಬೇಡಿ. 8 ವರ್ಷದೊಳಗಿನ ಮಕ್ಕಳಿಗೆ ಒಡೆದ ಬಲೂನಿನ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಬಾಟಲಿಯೊಳಗೆ ಪುಟ್ಟ ಬ್ಯಾಟರಿ ದೀಪ ಇಡುವ ಯೋಚನೆ ಇದ್ದರೆ, ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಅದರೊಳಗಿನ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಹೆದರಿಸುತ್ತಿಲ್ಲ, ಸುಮ್ನೆ ಹೇಳಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬಲೂನ್ ಕೈಬಿಟ್ಟೆ, ದೀಪವೂ ಬೇಡ. ನಿನ್ನೆ ರಾತ್ರಿ ಹೂವಿಗೆ ಕೂತೆ. ಒಂದು ಹರಿಯಿತು, ಒಂದು ಎಲೆಕೋಸಿನ ಹಾಗಾಯಿತು, ಮೂರನೆಯದು ನಿಜವಾಗಲೂ ಹೂವು! ಉಲ್ಲನ್ ದಾರ ಬಿಗಿಯಾಗಿ ಎಳೆದರೆ ಕಾಗದ ಕೊಯ್ಯುತ್ತದೆ, ಏನು ಮಾಡಲಿ?

ಉತ್ತರ 2:
ದಾರ ಬಿಟ್ಟು ನಡುವೆ ಒಂದು ಸ್ಟೇಪ್ಲರ್ ಪಿನ್ ಹೊಡೆಯಿರಿ, ಮೇಲೆ ಟೇಪ್ ಸುತ್ತಿ, ಮಕ್ಕಳ ಬೆರಳಿಗೆ ಚುಚ್ಚಬಾರದು. ಎಲೆಕೋಸನ್ನೂ ಎಸೆಯಬೇಡಿ, ಟೇಬಲ್‌ನ ಆ ತುದಿಗೆ ಇಡಿ.